ಆ ಇನ್ನಾ ಬಂದಿಲ್ಲ

ದೇವದುರ್ಗದ ಬಸ್ಸು ನಿಮ್ಮನ್ನು ಅರಕೇರಾದಲ್ಲಿ ಇಳಿಸಿ ಧೂಳೆಬ್ಬಿಸಿ ಹೋಗುತ್ತದೆ. ಗಂಟೆ ಒಂಬತ್ತೂವರೆ. ಮಾರ್ಚ್ ಮೊದಲ ವಾರವಷ್ಟೇ, ಬಿಸಿಲು ಮಾತ್ರ ಏಪ್ರಿಲ್‌ನದು. ಹೋಟೆಲಿನ ಮುಂದೆ ಮಂಡಾಳು ಒಗ್ಗರಣೆಯ ರಾಶಿ, ಪಕ್ಕದಲ್ಲಿ ಎಣ್ಣೆಯಿಂದ ಆಗಷ್ಟೇ ಎದ್ದ ಮಿರ್ಚಿ. ತಿಂದುಕೊಂಡೇ ಹೊರಡಿ, ಮಧ್ಯಾಹ್ನದವರೆಗೆ ನೆಲದ ಮೇಲೆ ಕೂರುವುದಿದೆ.

ಊರು ಈಚೆಗೆ ತಾಲೂಕಾಗಿದೆ, ಹೊಸ ಬೋರ್ಡುಗಳು ಬಂದಿವೆ. ಅದಕ್ಕೂ ಮುಂಚೆ ಇದು ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಹೋಬಳಿ. ಆ ತಾಲೂಕನ್ನು ಪ್ರಾದೇಶಿಕ ಅಸಮತೋಲನ ಅಳೆಯಲು ಬಂದ ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಸಾಲಿಗೆ ಸೇರಿಸಿತ್ತು. ಆ ಮಾತನ್ನು ಕೇಳಿ ಕೇಳಿ ಇಲ್ಲಿನವರಿಗೆ ಬೇಸರ ಬಂದಿದೆ. ನಾವೂ ಅದನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಮುಂದೆ ಹೋಗೋಣ.

ಹತ್ತಿ ಕಟ್ಟಿಗೆ ಒಟ್ಟಿದ ಹಿತ್ತಲುಗಳನ್ನು ದಾಟಿದರೆ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಯಾವುದು ಎಂದು ಕೇಳಬೇಡಿ, ಈ ಸುತ್ತಿನ ಯಾವ ಶಾಲೆಯೂ ಆಗಬಹುದು. ಪ್ರಾರ್ಥನೆ ಮುಗಿದು ಹಾಲು ಕುಡಿದದ್ದೂ ಆಗಿದೆ, ಸ್ಟೀಲ್ ಲೋಟ ತೊಳೆಯುವ ಸದ್ದು ನಲ್ಲಿಯ ಕಡೆಯಿಂದ ಕೇಳುತ್ತಿದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆ ಸ್ವಲ್ಪ ಬಗ್ಗಿಸಿ ಒಳಗೆ ಬನ್ನಿ. ಬಾಗಿಲು ಗಿಡ್ಡದೇನಲ್ಲ. ಮೇಲೆ ಅಡ್ಡಾದಿಡ್ಡಿ ದಾರ ಕಟ್ಟಿದ್ದಾರೆ, ಅದರ ತುಂಬ ಕಾಗದಗಳು ತೂಗುತ್ತಿವೆ: ಎತ್ತು, ಟ್ರ್ಯಾಕ್ಟರು, ಆರು ಕಾಲಿನ ಕೋಳಿ. ಇದಕ್ಕೆ ಚಪ್ಪರ ಎನ್ನುತ್ತಾರೆ. ಮದುವೆ ಮನೆಯ ಹೆಸರು ತರಗತಿಗೆ ಬಂದದ್ದು ನನಗಂತೂ ಬಹಳ ಇಷ್ಟ.

ಬೆಂಚುಗಳಿಲ್ಲ, ಮೇಜಿಲ್ಲ, ಟೀಚರ್‌ಗೆ ಕುರ್ಚಿಯೂ ಇಲ್ಲ. ಅವರು ಫರಸಿ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಐದು ಗುಂಪಾಗಿದ್ದಾರೆ. ಗುಂಪಿಗೆ ಇಲ್ಲಿ ‘ತಟ್ಟೆ’ ಎಂದು ಹೆಸರು. ಒಂದನೇ ತಟ್ಟೆಯವರ ಜೊತೆ ಟೀಚರ್ ಪೂರ್ತಿ ಇರುತ್ತಾರೆ, ಎರಡನೆಯದರಲ್ಲಿ ಆಗಾಗ ಕೈ ಹಚ್ಚುತ್ತಾರೆ. ಮೂರು ಮತ್ತು ನಾಲ್ಕರಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡಬೇಕು. ಐದರಲ್ಲಿ ಮಗು, ಕಾರ್ಡು, ಬಳಪ ಇಷ್ಟೇ. ಗೋಡೆಯ ಬುಡದಲ್ಲಿ ಸುತ್ತಲೂ ಕರಿ ಬಣ್ಣ ಬಳಿದು ಗೆರೆ ಎಳೆದು ಒಬ್ಬೊಬ್ಬರಿಗೆ ಒಂದೊಂದು ಹಲಗೆ ಮಾಡಿಕೊಟ್ಟಿದ್ದಾರೆ. ಅದು ದೊಡ್ಡವರ ಮೊಣಕಾಲೆತ್ತರಕ್ಕಿದೆ, ಅಲ್ಲಿ ಬರೆಯಬೇಕಾದರೆ ನೀವೂ ಕೂರಲೇಬೇಕು.

ಗದ್ದಲಕ್ಕೆ ಕಿವಿ ಹೊಂದಿಕೊಳ್ಳಲಿ. ಮೊದಲ ಐದು ನಿಮಿಷ ಇದು ಸಂತೆ ಅನ್ನಿಸುತ್ತದೆ. ಆಮೇಲೆ ಒಂದೊಂದೇ ದನಿ ಬೇರೆಯಾಗುತ್ತದೆ. ಮೂಲೆಯಲ್ಲಿ ಇಬ್ಬರು ಹುಣಸೆ ಬೀಜ ಎಣಿಸುತ್ತಿದ್ದಾರೆ. ಒಬ್ಬನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ. ಜೊತೆಗಾರ ಪ್ರತಿ ಬೀಜಕ್ಕೂ ಅವನ ಅಂಗೈ ಮೇಲೆ ಒಂದು ಸಲ ಬೆರಳು ಬಡಿಯುತ್ತಾನೆ. ಟಕ್, ಟಕ್, ಟಕ್. ಅವನು ಮೂರು ಬೆರಳು ತೋರಿಸುತ್ತಾನೆ. ಇದನ್ನು ಯಾವ ತರಬೇತಿಯಲ್ಲಿ ಹೇಳಿಕೊಟ್ಟರು ಎಂದು ನೀವು ಕೇಳಿದರೆ ಟೀಚರ್ ನಗುತ್ತಾರೆ. “ನಾ ಹೇಳಿಲ್ರೀ, ಅವರವರ ಮಾಡ್ಕೊಂಡಾರ.” ಆ ಹುಡುಗನನ್ನು ಮುಂದೆ ಕೂರಿಸಿ, ತಾವು ಮಾತಾಡುವಾಗ ಮುಖ ಅವನ ಕಡೆಗಿರುವಂತೆ ನೋಡಿಕೊಂಡದ್ದಷ್ಟೇ ತಮ್ಮ ಕೆಲಸ ಎನ್ನುತ್ತಾರೆ. ಅದೇ ದೊಡ್ಡ ಕೆಲಸ ಎಂಬುದು ಅವರಿಗೆ ಹೊಳೆದಂತಿಲ್ಲ.

ಎರಡನೇ ತಟ್ಟೆಯಲ್ಲಿ ಲಂಬಾಣಿ ತಾಂಡಾದ ಹುಡುಗನೊಬ್ಬ ಚಿತ್ರದ ಕಾರ್ಡು ಹಿಡಿದಿದ್ದಾನೆ. ಕೊಡದಿಂದ ನೀರು ಸುರಿಯುವ ಚಿತ್ರ. “ಇದೇನು?” “ಪಾಣಿ.” ಪಕ್ಕದವಳು ಕಿಸಕ್ಕೆಂದಳು. ಟೀಚರ್ ನಗಲಿಲ್ಲ, ತಿದ್ದಲೂ ಇಲ್ಲ. ಹಲಗೆಯ ಮೇಲೆ ‘ಪಾಣಿ’ ಎಂದು ಬರೆದು, ಅದರ ಮಗ್ಗುಲಲ್ಲಿ ‘ನೀರು’ ಎಂದು ಬರೆದರು. “ನಿಮ್ಮ ಮನಿಯಾಗ ಇದು, ಸಾಲ್ಯಾಗ ಇದು. ಎರಡೂ ಬರಬೇಕು.” ಆಮೇಲೆ ಕಿಸಕ್ಕೆಂದವಳ ಕಡೆ ತಿರುಗಿ, “ನೀ ಹೇಳವ್ವ, ಅವರ ಮಾತಿನ್ಯಾಗ ಅವ್ವಗ ಏನಂತಾರ?” ಎಂದರು. ಅವಳಿಗೆ ಗೊತ್ತಿಲ್ಲ. ಹುಡುಗ ಹೇಳಿದ: “ಯಾಡಿ.” ಈಗ ತಟ್ಟೆಗೆಲ್ಲ ಅವನೇ ಮಾಸ್ತರ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ನಿಂತಳು. ಆರು ವರ್ಷವಿರಬೇಕು. ಸೊಂಟದ ಮೇಲೆ ತಮ್ಮ, ಅವನ ಕೈಯಲ್ಲಿ ಅರ್ಧ ಬಿಸ್ಕಿಟ್ಟು. ಕೂದಲಿಗೆ ಎಣ್ಣೆ ಬಿದ್ದು ಬಹಳ ದಿನವಾಗಿದೆ. ಒಳಗೆ ಬರಲು ಒಲ್ಲಳು.

“ಬಾರವ್ವ, ಒಳಗ ಬಾ. ಯಾವಾಗ ಬಂದ್ರಿ?”

“ನಿನ್ನಿ ರಾತ್ರಿ ಬಸ್ಸಿಗ್ರೀ.”

ದೀಪಾವಳಿ ಮುಗಿದ ಮೇಲೆ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು. ಈ ಭಾಗದಲ್ಲಿ ಇದು ವಿಶೇಷ ಸುದ್ದಿಯಲ್ಲ. ಜೋಳದ ಚೀಲ, ಹಾಸಿಗೆ ಸುರುಳಿ, ಮಕ್ಕಳು ಎಲ್ಲ ರಾತ್ರಿ ಬಸ್ಸಿಗೆ ಏರುತ್ತವೆ. ಬಾಗಿಲಿಗೆ ಬೀಗ, ಅಂಗಳಕ್ಕೆ ಮುದುಕರು. ಕಾಲುವೆ ನೀರು ಮುಟ್ಟಿದ ಹೊಲದವರು ಉಳಿಯುತ್ತಾರೆ, ಮುಟ್ಟದವರು ಹೋಗುತ್ತಾರೆ.

ನಾನು ಕಲಿತ ಕಾಲದ ಶಾಲೆಯಾಗಿದ್ದರೆ ಈ ಹುಡುಗಿಯ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನಾಲ್ಕು ತಿಂಗಳಲ್ಲಿ ಪುಸ್ತಕ ಅರವತ್ತು ಪುಟ ಮುಂದೆ ಓಡಿರುತ್ತಿತ್ತು. ಅವಳು ಹಿಂದಿನ ಸಾಲಿನಲ್ಲಿ ಕೂತು ಯಾರದೋ ಪಾಟಿ ನೋಡಿ ಬರೆದು, ಒಂದು ದಿನ ಬರುವುದನ್ನೇ ಬಿಡುತ್ತಿದ್ದಳು. ಅದಕ್ಕೆ ನಾವು ‘ಶಾಲೆ ಬಿಟ್ಟ ಮಗು’ ಎನ್ನುತ್ತಿದ್ದೆವು. ಬಿಟ್ಟದ್ದು ಯಾರು ಯಾರನ್ನು ಎಂದು ಯಾರೂ ಕೇಳುತ್ತಿರಲಿಲ್ಲ.

ಟೀಚರ್ ಗೋಡೆಯ ಕಡೆ ಕೈ ಮಾಡುತ್ತಾರೆ. ಅಲ್ಲಿ ನೆಲದಿಂದ ಮೇಲಕ್ಕೆ ಹತ್ತುವ ಒಂದು ಉದ್ದ ಪಟ ಇದೆ. ಕಲಿಕಾ ಏಣಿ. ಮೆಟ್ಟಿಲು ಮೆಟ್ಟಿಲಿಗೂ ಸಣ್ಣ ಚಿತ್ರ, ಅದೇ ಚಿತ್ರ ಟ್ರೇಯಲ್ಲಿರುವ ಕಾರ್ಡಿನ ಮೇಲೂ ಇದೆ. ಓದಲು ಬಾರದ ಮಗುವೂ ಚಿತ್ರ ಹೊಂದಿಸಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಕೆಲವು ಮೆಟ್ಟಿಲು ಸೇರಿದರೆ ಒಂದು ಮೈಲಿಗಲ್ಲು. ಯಾರು ಎಲ್ಲಿದ್ದಾರೆ ಎಂಬುದಕ್ಕೆ ಬೇರೆ ಹಾಳೆ, ಪ್ರಗತಿ ನೋಟ. ಟೀಚರ್ ಅದರಲ್ಲಿ ಬೆರಳಾಡಿಸಿ ಒಂದು ಕಡೆ ನಿಲ್ಲಿಸುತ್ತಾರೆ.

“ಇಲ್ಲಿ ನೋಡು. ಇಲ್ಲಿಗೆ ಬಿಟ್ಟು ಹೋಗಿದ್ದಿ. ಇಲ್ಲಿಂದನ ಹಿಡಿ.”

ಹುಡುಗಿ ತಮ್ಮನನ್ನು ಇಳಿಸಿದಳು. ಏಣಿ ನೋಡಿದಳು, ಟ್ರೇ ನೋಡಿದಳು. ಮೂಲೆ ಸುಲಿದ ಕಾರ್ಡೊಂದನ್ನು ತಂದು ಗೋಡೆಯ ಹಲಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವಳ ಮೆಟ್ಟಿಲು ನಾಲ್ಕು ತಿಂಗಳು ಹಾಗೇ ಇತ್ತು.

ಈ ಏಣಿ ಬಹಳ ದೂರದಿಂದ ಬಂದದ್ದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಕಾಡಂಚಿನ ಶಾಲೆಗಳಿಗೆ ಮಕ್ಕಳು ಬಂದರೂ ನಿಲ್ಲದ ಕಾಲ. ಯುನಿಸೆಫ್ ನೆರವಿನಿಂದ ಅಲ್ಲಿನ ಕೆಲವು ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋದರು. ಪದ್ಮನಾಭ ರಾವ್ ಮತ್ತು ರಮಾ ದಂಪತಿ ಹಳ್ಳಿ ಶಾಲೆಗಳಿಗೆ ಕಾರ್ಡು–ಏಣಿಗಳ ಪದ್ಧತಿ ಮಾಡಿದ್ದರು. ಅದನ್ನು ನೋಡಿ ಬಂದ ಶಿಕ್ಷಕರು ತಮ್ಮ ಕೈಯಾರೆ ಕನ್ನಡದ ಕಾರ್ಡು ಬರೆದರು. ‘ನಲಿ–ಕಲಿ’ ಹುಟ್ಟಿದ್ದು ಹೀಗೆ. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಸ್ವಂತ ಕೈಯಲ್ಲಿ ಬರೆದ ಕಾರ್ಡಿನ ಮೇಲಿನ ಮೋಹ ಬೇರೆ, ಲಾರಿಯಲ್ಲಿ ಬಂದಿಳಿದ ಕಾರ್ಡಿನ ಮೇಲಿನ ಭಯ ಬೇರೆ. ಹರಿದರೆ ಯಾರು ಜವಾಬ್ದಾರಿ ಎಂದು ಕಾರ್ಡುಗಳನ್ನೆಲ್ಲ ಬೀರುವಿನಲ್ಲಿಟ್ಟು ಕೀಲಿ ಹಾಕಿ, ಮಕ್ಕಳಿಗೆ ಹಲಗೆ ನೋಡಿ ಬರೆಯಲು ಹೇಳಿದ ಕೋಣೆಯನ್ನೂ ನಾನು ಕಂಡಿದ್ದೇನೆ. ಇಲ್ಲಿ ಮೂಲೆ ಸುಲಿದಿವೆ. ಅಂದರೆ ಕೈಗೆ ಸಿಗುತ್ತಿವೆ.

ಹಾಗೆಂದು ಟೀಚರ್ ಸುಖವಾಗಿದ್ದಾರೆ ಎಂದುಕೊಳ್ಳಬೇಡಿ. ಮೂರು ತರಗತಿ, ಐದು ತಟ್ಟೆ, ಇರುವುದು ಒಬ್ಬರೇ. ಒಂದನೇ ತಟ್ಟೆಯಲ್ಲಿ ಅರ್ಧ ವಾಕ್ಯ ಆಡುವಷ್ಟರಲ್ಲಿ ನಾಲ್ಕನೆಯದರಲ್ಲಿ ಬಳಪಕ್ಕೆ ಜಗಳ. ಈಗ ನೋಡಿ, ಬಿಸ್ಕಿಟ್ಟು ಮುಗಿಸಿದ ಆ ತಮ್ಮ ಹುಣಸೆ ಬೀಜ ಬಾಯಿಗೆ ಹಾಕಿಕೊಳ್ಳುತ್ತಿದ್ದಾನೆ. ಟೀಚರ್ ಕೂತಲ್ಲಿಂದಲೇ ಹಾರಿ ಅವನ ಬಾಯಿಂದ ತೆಗೆದು, ಒಂದು ಖಾಲಿ ಡಬ್ಬಿ ಕೊಟ್ಟು ಮಡಿಲಲ್ಲಿ ಕೂರಿಸಿಕೊಂಡು ಪಾಠ ಮುಂದುವರಿಸುತ್ತಾರೆ. ತಮ್ಮನನ್ನು ಮನೆಗೆ ಬಿಟ್ಟು ಬಾ ಎಂದಿದ್ದರೆ ಅಕ್ಕನೂ ಹೋಗುತ್ತಿದ್ದಳು.

ಗಣಿತಕ್ಕೆ ಬೇರೆ ಏಣಿ. ಅಲ್ಲಿ ಅವಳದು ಐದರವರೆಗಿನ ಎಣಿಕೆಗೆ ನಿಂತಿದೆ. ಟೀಚರ್ ಬೀಜ ಹರಡುವ ಮೊದಲು ಸುಮ್ಮನೆ ಕೇಳುತ್ತಾರೆ: “ಬೆಂಗಳೂರಾಗ ಏನ್ ನೋಡಿದಿ?”

“ಬಿಲ್ಡಿಂಗ್ರೀ. ನಾವು ಹೋದಾಗ ನಾಕ್ನೇ ಸ್ಲ್ಯಾಬ್ ಆಗಿತ್ತು. ಬರೂಮುಂದ ಹನ್ನೊಂದ್ನೇದು.”

“ಹನ್ನೊಂದು ಅಂದ್ರ ಎಷ್ಟು? ಇಡು ನೋಡಮು.”

ಅವಳು ಬೀಜ ಸಾಲಾಗಿ ಇಡಲಿಲ್ಲ. ಕೆಳಗಿನಿಂದ ಮೇಲಕ್ಕೆ, ಅಂತಸ್ತಿನ ಹಾಗೆ ಇಡುತ್ತ ಹೋದಳು. ಹನ್ನೊಂದಕ್ಕೆ ಸರಿಯಾಗಿ ನಿಂತಳು.

“ನಿಮ್ಮಪ್ಪ ಏಳ್ನೇದರಾಗ ಅದಾನ. ಐದ್ನೇದಕ್ಕ ಬರಬೇಕು. ಎಷ್ಟು ಇಳೀಬೇಕು?”

“ಎರಡ್ರೀ.” ಬೀಜ ಮುಟ್ಟಲೂ ಇಲ್ಲ.

ಟೀಚರ್ ನಿಮ್ಮ ಕಡೆ ಒಮ್ಮೆ ನೋಡಿ, ಪ್ರಗತಿ ನೋಟದ ಹಾಳೆ ಎಳೆದುಕೊಂಡು ಒಂದರ ಹಿಂದೆ ಒಂದು ಗುರುತು ಹಾಕುತ್ತಾರೆ. ಕನ್ನಡದಲ್ಲಿ ಅವಳು ಬಿಟ್ಟಲ್ಲೇ ಇದ್ದಾಳೆ, ಲೆಕ್ಕದಲ್ಲಿ ಗೆಳತಿಯರನ್ನು ದಾಟಿದ್ದಾಳೆ. ಒಂದೇ ಪುಸ್ತಕ, ಒಂದೇ ಪುಟ ಎಂದು ಹೊರಟ ತರಗತಿಯಲ್ಲಿ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಸಾರಿನ ಒಗ್ಗರಣೆಯ ವಾಸನೆ ಬಂತು. ರಾಜ್ಯದಲ್ಲಿ ಬಿಸಿಯೂಟ ಮೊದಲು ಶುರುವಾದದ್ದು 2002ರಲ್ಲಿ, ರಾಯಚೂರೂ ಸೇರಿ ಏಳು ಜಿಲ್ಲೆಗಳಲ್ಲಿ. ಮೊಟ್ಟೆಯೂ ಮೊದಲು ಈ ಕಡೆಗೇ ಬಂತು, 2021ರ ಡಿಸೆಂಬರಿನಲ್ಲಿ. ಮಕ್ಕಳಿಗೆ ಈ ಇಸವಿಗಳ ಹಂಗಿಲ್ಲ, ತಟ್ಟೆ ಹಿಡಿದು ಆಗಲೇ ಓಡಿದರು. ಈ ಸಲ ನಿಜವಾದ ತಟ್ಟೆ.

ಹುಡುಗಿ ಮಾತ್ರ ಹಲಗೆ ಬಿಟ್ಟೆದ್ದಿಲ್ಲ. ‘ಸರ’ ಬರೆದಿದ್ದಾಳೆ, ‘ಅರಸ’ ಬರೆದಿದ್ದಾಳೆ, ‘ಗರಗಸ’ದ ಕೊನೆಯ ಸ ಅಡ್ಡ ಬಿದ್ದಿದೆ. ನಲಿ–ಕಲಿಯಲ್ಲಿ ಅಕ್ಷರ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಐದೇ ಅಕ್ಷರ ಬಂದರೆ ಇಷ್ಟು ಪದ ಓದಬಹುದು ಎಂಬ ಲೆಕ್ಕ.

ಮೊಮ್ಮಗನನ್ನು ಕರೆದೊಯ್ಯಲು ಬಂದ ಅಜ್ಜಿ ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನೋಡಿದಳು. ಹೆಬ್ಬೆಟ್ಟಿನ ಅಜ್ಜಿ, ಆದರೂ ಓದೆಂದರೆ ಹೇಗಿರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು.

“ಏನ್ ಬರದೀಯವ್ವ? ಅ ಆ ಇ ಈ ಬಂತೇನು?”

“ಇದು ಅ, ಆಯಿ.”

“ಅ ಆದ ಮ್ಯಾಲ?”

“ರ. ಅ, ರ, ಸ. ಅರಸ.”

“ಹುಚ್ಚಿ. ಅ ಆದ ಮ್ಯಾಲ ಆ.”

ಹುಡುಗಿ ಎದ್ದು ಗೋಡೆಯ ಏಣಿಯ ಹತ್ತಿರ ಹೋಗಿ ಕತ್ತೆತ್ತಿ ನೋಡಿದಳು. ತನ್ನ ಮೆಟ್ಟಿಲಿನಿಂದ ಮೇಲಕ್ಕೆ ಬೆರಳು ಒಯ್ದಳು. ಬೆರಳು ಮುಟ್ಟದಷ್ಟು ಎತ್ತರಕ್ಕೆ ಬಂದಾಗ ತುದಿಗಾಲಲ್ಲಿ ನಿಂತಳು.

“ಆ ಇನ್ನಾ ಬಂದಿಲ್ಲ, ಆಯಿ. ಅಲ್ಲಿ ಮ್ಯಾಲ ಅದ.”