ನೀರಿನ ಸದ್ದು ಹಿಡಿದು ಲಂಡನ್ನಿನಲ್ಲಿ

ಲಂಡನ್ನಿನ ಸುರಂಗ ರೈಲಿನ ನಕಾಶೆ ಯಾರಿಗೆ ಗೊತ್ತಿಲ್ಲ? ಹ್ಯಾರಿ ಬೆಕ್ 1931ರಲ್ಲಿ ರೂಪಿಸಿದ್ದು. ನೆಟ್ಟನೆಯ ಬಣ್ಣದ ಗೆರೆಗಳು, ಅವುಗಳ ಮೇಲೆ ನಿಲ್ದಾಣಗಳು. ನಾನು ಮೊಬೈಲಿನಲ್ಲಿ ತೆರೆದು ಹೊರಟದ್ದು ಅದೇ ಚಹರೆಯ ಬೇರೊಂದು ನಕಾಶೆ. ಇದರ ಗೆರೆಗಳು ಕಾಲುವೆಗಳು, ಥೇಮ್ಸ್ ಸೇರುವ ಸಣ್ಣ ಹೊಳೆಗಳು. ನಿಲ್ದಾಣವೊಂದನ್ನು ಒತ್ತಿದರೆ ಅಲ್ಲಿಯ ನೀರು ಕಿವಿಯೊಳಗೆ ಹರಿಯುತ್ತದೆ!

ಇದನ್ನು ಮಾಡಿದವರು ಇಯಾನ್ ರಾವ್ಸ್. ಬ್ರಿಟಿಷ್ ಲೈಬ್ರರಿಯ ಧ್ವನಿ ಭಂಡಾರದಲ್ಲಿ ಕೆಲಸಕ್ಕಿದ್ದವರು. 2009ರಲ್ಲಿ ‘ಲಂಡನ್ ಸೌಂಡ್ ಸರ್ವೆ’ ಎಂಬ ತಾಣ ತೆರೆದು, ಮೈಕು ಹಿಡಿದು ಊರೆಲ್ಲ ಅಲೆದರು. ಸಂತೆಯ ಕೂಗು, ಹಕ್ಕಿಗಳ ಉಲಿ, ನಡುರಾತ್ರಿಯ ಬೀದಿ, ಯಾವುದನ್ನೂ ಅಲ್ಪವೆಂದು ಬಿಡಲಿಲ್ಲ. ರೆಕಾರ್ಡಿಂಗ್ ಇಲ್ಲದ ಕಾಲದ ಸದ್ದುಗಳಿಗಾಗಿ ಹಳೆಯ ಪುಸ್ತಕಗಳನ್ನು ಜಾಲಾಡಿ, ಲಂಡನ್ ಹೇಗೆ ಕೇಳಿಸುತ್ತಿತ್ತೆಂದು ಬರೆದವರ ಮಾತುಗಳನ್ನೂ ಕೂಡಿಹಾಕಿದರು. 2021ರಲ್ಲಿ ತೀರಿಕೊಂಡರು. ಒಂದು ಊರನ್ನು ಇಷ್ಟು ಪ್ರೀತಿಸಿದವರು ಅಪರೂಪ.

ಕ್ಯಾಮ್ಡನ್ನಿನಲ್ಲಿ ರೀಜೆಂಟ್ಸ್ ಕಾಲುವೆಯ ದಡದಲ್ಲಿ ನಿಂತೆ. 1820ರಲ್ಲಿ ಪೂರ್ತಿಯಾದ ಕಾಲುವೆ. ದೋಣಿಗಳನ್ನು ಏರಿಸಿ ಇಳಿಸುವ ಮರದ ಬಾಗಿಲುಗಳನ್ನು ಇಂದಿಗೂ ಜನ ಬೆನ್ನು ಕೊಟ್ಟೇ ತಳ್ಳುತ್ತಾರೆ. ಬಾಗಿಲ ಸಂದಿನಿಂದ ನೀರು ಸೋರುವುದನ್ನು ಕೇಳುತ್ತ ಇಯರ್‌ಫೋನ್ ತೆಗೆದೆ. ಸದ್ದು ನಿಲ್ಲಲೇ ಇಲ್ಲ! ಎಂದೋ ಹರಿದುಹೋದ ನೀರು ಯಾವುದು, ಕಣ್ಣೆದುರಿನದು ಯಾವುದು? ಮೈ ಜುಮ್ಮೆಂದಿತು.

ಅಲ್ಲಿಂದ ಗ್ರೀನಿಚ್. ಥೇಮ್ಸ್ ನದಿಯಡಿ ನಡೆದು ದಾಟಲು 1902ರಲ್ಲಿ ತೆರೆದ ಸುರಂಗವಿದೆ, ಸುಮಾರು 370 ಮೀಟರ್. ಸುರುಳಿ ಮೆಟ್ಟಿಲಿಳಿದು ಒಳಗೆ ಕಾಲಿಟ್ಟರೆ ನಮ್ಮ ಹೆಜ್ಜೆಯೇ ನಮಗಿಂತ ಮುಂದೆ ಓಡುತ್ತದೆ. ಗೋಡೆಗಂಟಿಸಿದ ನುಣುಪಾದ ಬಿಳಿ ಟೈಲುಗಳು ಯಾವ ಸದ್ದನ್ನೂ ನುಂಗುವುದಿಲ್ಲ. ಆಚೆ ತುದಿಯಲ್ಲಿ ಒಬ್ಬರು ಕೆಮ್ಮಿದರೂ ಪಕ್ಕದಲ್ಲೇ ನಿಂತಂತೆ. ಪುಟ್ಟ ಹುಡುಗಿಯೊಬ್ಬಳು ‘ಹೂ’ ಎಂದು ಕೂಗಿದಳು. ಕೂಗು ಉದ್ದಕ್ಕೂ ಸಾಗಿ ಮರಳುವವರೆಗೆ ಸುತ್ತಲಿದ್ದವರೆಲ್ಲ ನಡಿಗೆ ನಿಲ್ಲಿಸಿದರು. ತಲೆಯ ಮೇಲೆ ಇಡೀ ಥೇಮ್ಸ್ ಹರಿಯುತ್ತಿತ್ತು, ಅದರದೊಂದು ದನಿಯೂ ಇಲ್ಲಿಗಿಲ್ಲ.

ದಕ್ಷಿಣ ದಡದ ಕೂಲಿಗಳು ಆಚೆಯ ಹಡಗುಕಟ್ಟೆಗಳಿಗೆ ಹೋಗಲೆಂದೇ ಇದನ್ನು ತೋಡಿದ್ದು. ಮುಂಜಾನೆಯ ಪಾಳಿಗೆ ಹೊರಟ ಬೂಟುಗಳು ಇಲ್ಲಿ ಹೇಗೆ ಮೊಳಗಿರಬೇಕು! ಆ ಕಟ್ಟೆಗಳಲ್ಲಿ ಕೊನೆಯವು 1980ರಲ್ಲಿ ಮುಚ್ಚಿದವು. ಸುರಂಗ ಉಳಿಯಿತು, ಟೈಲುಗಳು ಉಳಿದವು, ಆ ಸಪ್ಪಳ ಮಾತ್ರ ಹೋಯಿತು. ಊರೊಂದು ಕಳೆದುಕೊಳ್ಳುವುದರಲ್ಲಿ ಸದ್ದಿಗಷ್ಟೇ ಸ್ಮಾರಕವಿಲ್ಲ ಎಂಬ ಸಂಕಟ ನನ್ನದು. ಬರ್ಲಿನ್ನಿನ ಉಡೊ ನೋಲ್ 2006ರಲ್ಲಿ ಶುರುಮಾಡಿದ ‘ರೇಡಿಯೊ ಅಪೋರಿ’ ನಕಾಶೆಗೆ ಜಗತ್ತಿನ ಯಾವ ಮೂಲೆಯವರಾದರೂ ತಮ್ಮೂರಿನ ಸದ್ದು ಸೇರಿಸಬಹುದು ಎಂಬುದು ಅದಕ್ಕೇ ದೊಡ್ಡ ಸಮಾಧಾನ.

ಉತ್ತರ ದಡಕ್ಕೆ ಹತ್ತಿಬಂದರೆ ಹಡಗುಗಳು ನಿಲ್ಲುತ್ತಿದ್ದ ಕಡೆ ಕ್ಯಾನರಿ ವಾರ್ಫಿನ ಗಾಜಿನ ಗೋಪುರಗಳು. ನಕಾಶೆಯಲ್ಲಿ ಮುಂದೆ ಲೀ ನದಿಯ ಗೆರೆಯಿತ್ತು. ಬಿಸಿಲು ಇನ್ನೂ ಇತ್ತು. ದಾರಿ ಕೇಳಿಕೊಂಡು ಅತ್ತ ಹೊರಟೆ.