ಮುಚ್ಚಬೇಕಾದ ಬಿರುಕು, ಮುಚ್ಚಬಾರದ ಕಿಂಡಿ

ದೀಪಾವಳಿಯ ನೀರು ತುಂಬುವ ಹಬ್ಬ ಬಂತೆಂದರೆ ಹಾವೇರಿ ಜಿಲ್ಲೆಯ ಹಳೆಯ ಮನೆಗಳಲ್ಲಿ ಬಚ್ಚಲ ಹಂಡೆಗೆ ಎಲ್ಲಿಲ್ಲದ ಗೌರವ. ವರ್ಷವಿಡೀ ಮಸಿ ಮೆತ್ತಿಕೊಂಡು ಮೂಲೆಯಲ್ಲಿ ಕುಳಿತಿದ್ದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಾರೆ. ಮರುದಿನ ನಸುಕಿನಲ್ಲಿ ಎಣ್ಣೆಸ್ನಾನ.

ಹಬ್ಬದ ಮರೆಯಲ್ಲಿ ಎರಡು ಪರೀಕ್ಷೆಗಳೂ ನಡೆದುಹೋಗುತ್ತವೆ. ರಾತ್ರಿ ಕಂಠಮಟ್ಟ ತುಂಬಿದ ನೀರು ಬೆಳಿಗ್ಗೆ ಇಳಿದಿದ್ದರೆ ಹಂಡೆ ಸೋರುತ್ತಿದೆ ಎಂದರ್ಥ. ಒಲೆ ಹಚ್ಚಿದಾಗ ಹೊಗೆ ಬಚ್ಚಲಲ್ಲೇ ಸುತ್ತುತ್ತಿದ್ದರೆ ಹೊಗೆಕಿಂಡಿ ಕಟ್ಟಿದೆ ಎಂದರ್ಥ. ಬಚ್ಚಲುಮನೆಯ ಎಲ್ಲ ತಾಪತ್ರಯಗಳೂ ಇವೆರಡರಲ್ಲೇ ಅಡಗಿವೆ: ಸೋರಬಾರದ್ದು ಸೋರುವುದು, ಹೋಗಬೇಕಾದದ್ದು ಹೋಗದಿರುವುದು. ಶಿಗ್ಗಾವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಎಂಬ ನಾಲ್ಕು ಊರುಗಳನ್ನು ಸುತ್ತಿ ಬಂದರೆ ಈ ಎರಡು ಪಾಠಗಳೂ ದಾರಿಯಲ್ಲೇ ಸಿಗುತ್ತವೆ.

ಮಾಳಿಗೆಯ ಪಾಠ

ಪಯಣವನ್ನು ಹೆದ್ದಾರಿಯ ಮೇಲಿರುವ ಶಿಗ್ಗಾವಿಯಿಂದ ಆರಂಭಿಸಬಹುದು. ಕನಕದಾಸರ ಜನ್ಮಸ್ಥಳ ಬಾಡ, ಅರವತ್ತು ಕಂಬದ ಗುಡಿಯಿರುವ ಬಂಕಾಪುರ ಕೋಟೆ, ಎರಡೂ ಈ ತಾಲ್ಲೂಕಿನಲ್ಲಿವೆ. ಶಿಶುನಾಳವೂ ಇಲ್ಲಿಯದೇ. ಮನೆಯ ಮಾಳಿಗೆ ಸೋರುವುದನ್ನೇ ತತ್ತ್ವಪದವಾಗಿ ಹಾಡಿದವರು ಅಲ್ಲಿಯ ಶರೀಫರು (1819–1889). ಆ ಪದದ ಒಳಗಿನ ಅರ್ಥ ಬೇರೆ. ಆದರೆ ಮಣ್ಣಿನ ಮಾಳಿಗೆಯ ಕೆಳಗೆ ಮಳೆಗಾಲ ಕಳೆದವರಿಗೆ ಅದರ ಹೊರಗಿನ ಅರ್ಥವೂ ಚೆನ್ನಾಗಿಯೇ ಗೊತ್ತು.

ಮಾಳಿಗೆಯ ಮೇಲೆ ಸವಳು ಮಣ್ಣು ಹರವುವುದು ಬಯಲುಸೀಮೆಯ ಹಳೆಯ ಮದ್ದು. ಸೋಡಿಯಂ ಅಂಶ ಹೆಚ್ಚಿರುವ ಈ ಮಣ್ಣು ನೀರು ತಾಗಿದೊಡನೆ ಉಬ್ಬಿ, ಅದರ ನುಣ್ಣನೆಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ತುಂಬಿಬಿಡುತ್ತವೆ. ಹೊಲದಲ್ಲಿ ನೀರನ್ನು ಇಂಗಗೊಡದ ದುರ್ಗುಣವೇ ಮಾಳಿಗೆಯ ಮೇಲೆ ಸದ್ಗುಣ!

ಮಾಳಿಗೆ ಕಲಿಸುವ ಇನ್ನೊಂದು ಮಾತಿದೆ. ಹನಿ ಬೀಳುವ ಜಾಗದ ನೇರ ಮೇಲೆಯೇ ತೂತು ಇರುತ್ತದೆಂದು ತಿಳಿಯಬಾರದು. ಎಲ್ಲೋ ಒಳಸೇರಿದ ನೀರು ಜಂತಿಗುಂಟ ಹರಿದು ಇನ್ನೆಲ್ಲೋ ಹನಿಯುತ್ತದೆ. ಇಂದಿನ ಸಿಮೆಂಟ್ ಛತ್ತಿಗೂ ಇದು ಅನ್ವಯ. ತೇವದ ಕಲೆ ಕಂಡೊಡನೆ ಅಲ್ಲಿಯೇ ಗೋಡೆ ಒಡೆಸುವವರು ಹಣ ಕಳೆದುಕೊಳ್ಳುತ್ತಾರೆ, ಸೋರಿಕೆ ಮಾತ್ರ ಉಳಿಯುತ್ತದೆ.

ಮೂರು ಪ್ರಶ್ನೆಗಳು

ಶಿಗ್ಗಾವಿಯಿಂದ ಪೂರ್ವಕ್ಕೆ ಹೊರಳಿದರೆ ಎರೆಭೂಮಿಯ, ವೀಳ್ಯದೆಲೆಯ, ಖಾರದ ಸವಣೂರು. ನವಾಬರ ಈ ಊರು ವಿ.ಕೃ. ಗೋಕಾಕರ ಹುಟ್ಟೂರೂ ಹೌದು. ಇಲ್ಲಿಯ ದೊಡ್ಡ ಹುಣಸೆ ಮರಗಳನ್ನು ನೋಡದೆ ಯಾರೂ ಹಿಂತಿರುಗುವುದಿಲ್ಲ. ಹೆಸರಿಗೆ ಹುಣಸೆಯಾದರೂ ಇವು ಆಫ್ರಿಕಾ ಮೂಲದ ಬಾವೋಬಾಬ್. ಮೂರು ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದಾಗ ಅದನ್ನು ಮತ್ತೆ ಎತ್ತಿ ನೆಡಲಾಯಿತು. ಕಾಂಡದ ಮೆತ್ತನೆಯ ಭಾಗದಲ್ಲಿ ಅಪಾರ ನೀರನ್ನು ಹಿಡಿದಿಡುವ ಈ ಮರ ನಿಸರ್ಗವೇ ಕಟ್ಟಿದ ಟಾಕಿ.

ಮನುಷ್ಯ ಕಟ್ಟಿದ ಟಾಕಿ, ಜೋಡಿಸಿದ ಪೈಪು ಮಾತ್ರ ಸೋರುತ್ತವೆ. ಆಗ ನಳದವರನ್ನು ಕರೆಯುವ ಮೊದಲು ಮನೆಯವರೇ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಹಗಲೂ ರಾತ್ರಿ ಸೋರುತ್ತದೆಯೇ? ಹಾಗಾದರೆ ತಪ್ಪು ಸದಾ ಒತ್ತಡದಲ್ಲಿರುವ ನೀರಿನ ಪೈಪಿನಲ್ಲಿದೆ. ಸ್ನಾನ ಮಾಡಿದಾಗ ಮಾತ್ರ ಸೋರುತ್ತದೆಯೇ? ಹಾಗಾದರೆ ಬಚ್ಚಲ ನೀರು ಹೊರಹೋಗುವ ಕೊಳವೆಯನ್ನೋ, ನೆಲಹಾಸಿನ ಸಂದುಗಳನ್ನೋ ನೋಡಬೇಕು. ಮಳೆ ಬಂದಾಗ ಮಾತ್ರ ಸೋರುತ್ತದೆಯೇ? ತಪ್ಪು ಛತ್ತಿನದು. ವೈದ್ಯರು ಔಷಧ ಬರೆಯುವ ಮುನ್ನ ಜ್ವರ ಯಾವಾಗ ಬರುತ್ತದೆ ಎಂದು ಕೇಳುವುದಿಲ್ಲವೇ, ಇದೂ ಹಾಗೆಯೇ.

ಮಕ್ಕಳು ಮಾಡಬಹುದಾದ ಪ್ರಯೋಗವೊಂದಿದೆ. ರಾತ್ರಿ ಎಲ್ಲ ನಳಗಳನ್ನೂ ಮುಚ್ಚಿ, ಮೋಟಾರು ನಿಲ್ಲಿಸಿ, ಟಾಕಿಯಲ್ಲಿ ನೀರಿನ ಮಟ್ಟಕ್ಕೆ ದೊಡ್ಡವರಿಂದ ಗುರುತು ಹಾಕಿಸಬೇಕು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಖಚಿತ. ಮರುರಾತ್ರಿ ಟಾಕಿಯ ಬುಡದ ವಾಲ್ವ್ ಮುಚ್ಚಿ ನೋಡಬೇಕು. ಆಗಲೂ ಇಳಿದರೆ ಟಾಕಿಯೇ ಸೋರುತ್ತಿದೆ, ಇಳಿಯದಿದ್ದರೆ ಪೈಪು. ತೊಟ್ಟಿಕ್ಕುವ ನಳದ ಕೆಳಗೆ ಅಳತೆಯ ಪಾತ್ರೆ ಇಟ್ಟು 10 ನಿಮಿಷದ ನೀರನ್ನು 144ರಿಂದ ಗುಣಿಸಿದರೆ ಒಂದು ದಿನದ ನಷ್ಟ ಸಿಗುತ್ತದೆ. 10 ನಿಮಿಷಕ್ಕೆ 100 ಮಿಲಿಲೀಟರ್ ಎಂದರೆ ದಿನಕ್ಕೆ 14.4 ಲೀಟರ್, ಹೆಚ್ಚುಕಡಿಮೆ ಒಂದು ಕೊಡ!

ಬಿಸಿಯ ದಾರಿ, ಹೊಗೆಯ ದಾರಿ

ಸವಣೂರಿನಿಂದ ಪಶ್ಚಿಮಕ್ಕೆ, ವರದಾ ನದಿಯ ಸೀಮೆ ದಾಟಿ ಹಾನಗಲ್ಲಿನತ್ತ ಸಾಗಿದಂತೆ ಎರೆಹೊಲ ಸರಿದು ಭತ್ತದ ಗದ್ದೆ, ಅಡಿಕೆ ತೋಟ ಕಾಣಿಸುತ್ತವೆ. ಇದು ಮಲೆನಾಡಿನ ಸೆರಗು. ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಕತ್ತೆತ್ತಿ ನೋಡಿದವರು ಮಾತು ಮರೆಯುತ್ತಾರೆ. ಮಳೆ ಹಿಡಿದ ದಿನಗಳಲ್ಲಿ ಇಲ್ಲಿ ಬಿಸಿನೀರಿಲ್ಲದೆ ಸ್ನಾನವಿಲ್ಲ.

ಹಳೆಯ ಬಚ್ಚಲ ಒಲೆ ಸರಳವಾದರೂ ಜಾಣ ಏರ್ಪಾಡು. ತಾಮ್ರ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಕಾದ ಗಾಳಿ ಹಗುರಾಗಿ ಮೇಲಿನ ಕಿಂಡಿಯಿಂದ ಹೊರಬೀಳುತ್ತದೆ, ಒಲೆಯ ಬಾಯಿಯಿಂದ ಹೊಸ ಗಾಳಿ ಒಳಬರುತ್ತದೆ. ಈ ಓಟ ನಿಂತರೆ ಹೊಗೆ ತಿರುಗಿ ಬರುತ್ತದೆ. ಚಳಿಯೆಂದು ಮಕ್ಕಳು ಕಿಂಡಿಗೆ ಗೋಣಿಚೀಲ ತುರುಕಿದರೆ ಅಜ್ಜಿಯರು ಗದರುತ್ತಿದ್ದರು: “ತಮ್ಮಾ, ಕಿಂಡಿ ಮುಚ್ಚಬ್ಯಾಡೋ, ಹೊಗಿ ಎಲ್ಲಿಗೆ ಹೋಗಬೇಕು?”

ಇಂದು ಹಂಡೆಯ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಕಣ್ಣುರಿಸುವ ಹೊಗೆ ಕಾಣುವುದಿಲ್ಲ, ಆದ್ದರಿಂದ ಕಿಂಡಿಯೂ ಬೇಡವೆಂದು ಜನ ಭಾವಿಸುತ್ತಾರೆ. ಅಪಾಯ ಇರುವುದು ಇಲ್ಲಿಯೇ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಬಂದಂತೆ ಅನಿಲ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಆಮೇಲೆ ಚಿಲಕ ತೆಗೆಯುವ ಶಕ್ತಿಯೂ ಉಳಿಯದಿರಬಹುದು. ಸ್ನಾನಕ್ಕೆ ಹೋದವರು ಹೊರಬರಲೇ ಇಲ್ಲ ಎಂಬ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಗ್ಯಾಸ್ ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳತರುವುದು ಸುರಕ್ಷಿತ ದಾರಿ. ನೀಲಿ ಉರಿ ಹಳದಿಗೆ ತಿರುಗಿದರೆ, ಮಸಿ ಕಂಡರೆ ಕೂಡಲೇ ನಿಲ್ಲಿಸಿ ದುರಸ್ತಿ ಮಾಡಿಸಬೇಕು. ಯಾರಾದರೂ ಕುಸಿದು ಬಿದ್ದರೆ ಬಾಗಿಲು ತೆರೆದು, ಗ್ಯಾಸ್ ಬಂದ್ ಮಾಡಿ, ಅವರನ್ನು ಹೊರಗಿನ ಗಾಳಿಗೆ ತಂದು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಶೀತದೇಶಗಳಲ್ಲಿ ಕಾರಿಗೆ ಕಟ್ಟಿ ಎಳೆದೊಯ್ಯುವ ಗಾಲಿಮನೆಗಳುಂಟು. ಅವುಗಳಲ್ಲಿ ಬಿಸಿಗಾಳಿಯನ್ನೇ ಕೊಳವೆಯ ಮೂಲಕ ಬಚ್ಚಲಿಗೆ ಬಿಡುತ್ತಾರೆ. ನೆಲದಡಿಯಲ್ಲಿ ಕೊಳವೆಯ ಒಂದು ಜೋಡಣೆ ಕಳಚಿದರೆ ಬಚ್ಚಲು ತಣ್ಣಗಾಗುತ್ತದೆ, ಪೈಪಿನ ನೀರು ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯಾಗುವಾಗ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ ಪೈಪು ಒಡೆದು ಸೋರತೊಡಗುತ್ತದೆ. ಅಲ್ಲಿ ಬಿಸಿಯ ದಾರಿ ತಪ್ಪಿದ್ದೇ ಸೋರಿಕೆಗೆ ಮೂಲ.

ಕೋಡಿಯ ಮಾತು

ಪಯಣದ ಕೊನೆಯ ಊರಾದ ಹಿರೇಕೆರೂರಿನ ಹೆಸರಿನಲ್ಲೇ ಹಿರಿಯ ಕೆರೆಯಿದೆ. ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಇಲ್ಲಿಯ ಬಚ್ಚಲ ಒಲೆಗೆ ಸುಲಭದ ಉರುವಲು. ಈ ಸೀಮೆಯಲ್ಲೇ ಕುಮುದ್ವತಿ ನದಿಗೆ ಗುಡ್ಡಗಳ ನಡುವೆ ವಿಜಯನಗರದ ಕಾಲದಲ್ಲಿ ಕಟ್ಟಿದ ಮದಗ-ಮಾಸೂರು ಕೆರೆಯಿದೆ. ಮಳೆಗಾಲದಲ್ಲಿ ಅಲ್ಲಿ ಧುಮುಕುವ ನೀರನ್ನು ನೋಡಲು ಜನ ದೂರದಿಂದ ಬರುತ್ತಾರೆ.

ಕೆರೆಯ ಏರಿಯಲ್ಲಿ ಸಣ್ಣ ಬಿರುಕು ಕಂಡರೂ ಊರವರು ಮಣ್ಣು ಹೊತ್ತು ಮುಚ್ಚುತ್ತಾರೆ. ಆದರೆ ಕೋಡಿಯನ್ನು ಯಾರೂ ಮುಚ್ಚುವುದಿಲ್ಲ. ಕೋಡಿ ಕಟ್ಟಿದರೆ ಏರಿಯೇ ಒಡೆಯುತ್ತದೆ. ವಿದ್ಯುತ್ ಗೀಸರಿನ ಸುರಕ್ಷಾ ವಾಲ್ವ್ ಕೂಡ ಇಂಥದೇ ಒಂದು ಕೋಡಿ. ನೀರು ಕಾದು ಹಿಗ್ಗುವಾಗ ಅದರಿಂದ ನಾಲ್ಕು ಹನಿ ಬೀಳುವುದು ಸಹಜ. ಸೋರುತ್ತದೆಯೆಂದು ಅದಕ್ಕೆ ಬಿರಡೆ ಜಡಿದರೆ ಒತ್ತಡ ಏರಿ ಟಾಕಿಯೇ ಸಿಡಿಯಬಹುದು. ಎಡೆಬಿಡದೆ ಸುರಿದರೆ ಮಾತ್ರ ವಾಲ್ವನ್ನು ಬದಲಿಸಬೇಕು.

ಪೈಪಿನ ಬಿರುಕನ್ನು ಇಂದೇ ಮುಚ್ಚಿಸಬೇಕು. ಬಚ್ಚಲ ಕಿಂಡಿಯನ್ನು ಎಂದೂ ಮುಚ್ಚಬಾರದು. ಈ ಸಲ ಚಳಿ ಶುರುವಾಗುವ ಮೊದಲು ಮಕ್ಕಳೂ ತಂದೆತಾಯಿಯರೂ ಒಮ್ಮೆ ತಮ್ಮ ಬಚ್ಚಲುಮನೆಯ ಮೇಲ್ಗೋಡೆಯತ್ತ ಕಣ್ಣೆತ್ತಿ ನೋಡಲಿ. ಅಲ್ಲಿ ರಟ್ಟೋ, ಚಿಂದಿಯೋ ತುರುಕಿದ್ದರೆ ಅದನ್ನು ಅಂದೇ ಕಿತ್ತೆಸೆಯಲಿ.