ಯಲ್ಲಾಪುರದ ಕಾಡಿನ ಕವಂದಿ ಪಾಠ

ಹುಬ್ಬಳ್ಳಿಯಿಂದ ಅಂಕೋಲೆಯತ್ತ ಹೊರಟ ಬಸ್ಸು ಕಲಘಟಗಿ ದಾಟುತ್ತಿದ್ದಂತೆ ಬಯಲಿನ ಹೊಲಗಳು ಹಿಂದೆ ಸರಿಯುತ್ತವೆ. ತೇಗ, ಮತ್ತಿ ಮರಗಳ ಕಾಡು ರಸ್ತೆಯ ಎರಡೂ ಬದಿಗೆ ಒತ್ತಿ ಬರುತ್ತದೆ. ಸುಮಾರು 70 ಕಿಲೋಮೀಟರಿನ ಹಾದಿ ಸವೆದರೆ ಯಲ್ಲಾಪುರ. ಈ ತಾಲ್ಲೂಕಿನಲ್ಲೂ ನೆರೆಯ ಹಳಿಯಾಳ, ಮುಂಡಗೋಡಗಳಲ್ಲೂ ಕಾಡಿನ ಮಡಿಲಲ್ಲಿ ಸಿದ್ದಿಗಳ ಊರುಗಳಿವೆ.

ಸಿದ್ದಿಗಳ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು 2003ರಲ್ಲಿ. ದೇವರು ಬೇರೆಯಾದರೂ ಮೂರೂ ಧರ್ಮದವರ ಮನೆಗಳಲ್ಲಿ ಸಿಗುವ ಒಂದು ವಸ್ತು ಕವಂದಿ. ಧಾರವಾಡ, ಬೆಳಗಾವಿ ಕಡೆಯವರು ‘ಕೌದಿ’ ಎನ್ನುವುದರ ಹತ್ತಿರದ ನೆಂಟ ಇದು.

ಹರಿದ ಸೀರೆ, ಹಳೆಯ ಅಂಗಿ, ಲಂಗ ಇವೇ ಇದರ ಬಂಡವಾಳ. ನೆಲದ ಮೇಲೆ ಹಾಸಿದ ಹಳೆಯ ಸೀರೆಯೇ ತಳ. ಕೆಲಸ ಶುರುವಾಗುವುದು ನಡುವಿನಿಂದಲ್ಲ, ಮೂಲೆಯಿಂದ. ತುಂಡುಗಳನ್ನು ಅಂಚು ಮಡಚಿ ಇಡುತ್ತ, ದಪ್ಪ ನೂಲಿನಿಂದ ಹೊಲಿಯುತ್ತ, ಸುತ್ತಿನ ಮೇಲೆ ಸುತ್ತು ಬಂದು ಕೊನೆಯ ತುಂಡು ನಡುವಿನಲ್ಲಿ ಕೂರುತ್ತದೆ. ಬೇರೆ ದೇಶಗಳ ಕ್ವಿಲ್ಟುಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಡುಗಳನ್ನು ಜೋಡಿಸಿ, ಆಮೇಲೆ ಪದರಗಳನ್ನು ಸೇರಿಸಿ, ಕೊನೆಗೆ ಅಂಚು ಕಟ್ಟುತ್ತಾರೆ. ಕವಂದಿಯಲ್ಲಿ ಮೂರು ಕೆಲಸವೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತದೆ! ನಾಲ್ಕು ಮೂಲೆಗಳಿಗೆ ಬಟ್ಟೆ ಮಡಚಿದ ತ್ರಿಕೋನದ ‘ಫುಲಾ’, ಅಂದರೆ ಹೂವು, ಬೇಕೇ ಬೇಕು. ಅದಿಲ್ಲದ ಕವಂದಿ ಬರಿಮೈಯಂತೆ ಎಂಬುದು ಸಿದ್ದಿ ಹೆಂಗಸರ ಮಾತು. ಕೆಲವು ಕವಂದಿಗಳಲ್ಲಿ ಶಿಲುಬೆಯೂ ಅರ್ಧಚಂದ್ರವೂ ಕಾಣುತ್ತವೆ.

ತೇಪೆಯ ಬಟ್ಟೆಯೆಂದರೆ ಬಡತನದ ಗುರುತು ಎಂದು ಮಕ್ಕಳು ಸಂಕೋಚಪಡುವುದುಂಟು. ಆದರೆ ಇದೇ ತೇಪೆ ಕಡಲು ದಾಟಿತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರ ಕವಂದಿ ಸಹಕಾರ ಸಂಘ ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಇವರ ಕವಂದಿಗಳ ಪ್ರದರ್ಶನ ನಡೆಯಿತು. ಮಳೆಗಾಲದ ಚಳಿಗೆ ಮಗುವಿಗೆ ಹೊದಿಸುತ್ತಿದ್ದ ಬಟ್ಟೆ ಗೋಡೆಯ ಮೇಲಿನ ಕಲಾಕೃತಿಯಾಯಿತು.

ಆದರೂ ಈ ವಿದ್ಯೆ ಉಳಿಯುವುದು ಗೋಡೆಯ ಮೇಲಲ್ಲ, ಕೈಯಲ್ಲಿ. ಅಂಗಡಿಯ ರೆಡಿಮೇಡ್ ಹೊದಿಕೆ ಅಗ್ಗವಾದಷ್ಟೂ ಅಜ್ಜಿಯ ಪಕ್ಕ ಕೂತು ಸೂಜಿ ಹಿಡಿಯುವ ಮೊಮ್ಮಕ್ಕಳು ಕಡಿಮೆಯಾಗುತ್ತಾರೆ. ಈ ಮಾತು ಕಾಡಿನ ಊರುಗಳಿಗಷ್ಟೇ ಅಲ್ಲ, ಪೇಟೆಯ ಮನೆಗಳಿಗೂ ಸಲ್ಲುತ್ತದೆ.

ರಜೆಯಲ್ಲಿ ಮಕ್ಕಳು ಇದೇ ಕ್ರಮದಲ್ಲಿ ಓದುವ ಮೇಜಿಗೊಂದು ಪುಟ್ಟ ಹಾಸು ಹೊಲಿಯಬಹುದು. 12 ಸೆಂಟಿಮೀಟರಿನ 25 ಚೌಕಗಳನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಕತ್ತರಿಸಿಕೊಳ್ಳಬೇಕು. ತಳಕ್ಕೆ 52 ಸೆಂಟಿಮೀಟರಿನ ಚೌಕ. ಅದರ ಸುತ್ತ 1 ಸೆಂಟಿಮೀಟರ್ ಒಳಕ್ಕೆ ಮಡಚಬೇಕು. ಮೂಲೆಯಲ್ಲಿ ಮೊದಲ ತುಂಡಿಟ್ಟು, ಹೊರ ಅಂಚನ್ನು ಅಷ್ಟೇ ಮಡಚಬೇಕು. ಮುಂದಿನ ತುಂಡಿನ ಮಡಚಿದ ಅಂಚು ಹಿಂದಿನದರ ಹಸಿ ಅಂಚನ್ನು 1 ಸೆಂಟಿಮೀಟರ್ ಮುಚ್ಚಬೇಕು. ಹೊರಸುತ್ತಿಗೆ 16, ಒಳಸುತ್ತಿಗೆ 8, ನಡುವಿಗೆ 1. ನಡುವಿನದಕ್ಕೆ ನಾಲ್ಕೂ ಬದಿ ಮಡಿಕೆ. ಎಲ್ಲ ಪದರಗಳನ್ನೂ ಹಿಡಿಯುವಂತೆ ಬೆರಳಗಲದ ಅಂತರದಲ್ಲಿ ಸುತ್ತು ಸುತ್ತಾಗಿ ಸಾದಾ ಓಟದ ಹೊಲಿಗೆ ಹಾಕಿದರೆ 50 ಸೆಂಟಿಮೀಟರಿನ ಹಾಸು ಸಿದ್ಧ. ಮೂಲೆಯ ಹೂವುಗಳನ್ನು ಮೊದಲ ಸುತ್ತಿನಲ್ಲೇ ಸಿಕ್ಕಿಸಬೇಕು, ಮರೆಯಬಾರದು!

ಮೊದಲ ಹಾಸು ಸೊಟ್ಟಗಾದರೆ ತಂದೆತಾಯಿ ಗದರುವುದು ಬೇಡ. ಸಿದ್ದಿ ಹೆಂಗಸರು ಅಳತೆಪಟ್ಟಿ ಹಿಡಿದು ತುಂಡು ಕತ್ತರಿಸುವವರಲ್ಲ. ಸಿಕ್ಕ ತುಂಡಿಗೆ ತಕ್ಕ ಜಾಗ ಹುಡುಕುವವರು. ಆ ಜಾಣ್ಮೆ ಯಾವ ಪರೀಕ್ಷೆಯ ಅಂಕಪಟ್ಟಿಯಲ್ಲೂ ಇಲ್ಲ, ಆದರೆ ಬದುಕಿಗೆ ಬೇಕಾದದ್ದು ಅದೇ.